ನಿಮ್ಮನ್ನ ಕರೀದೇ ಇದ್ದಿದ್ದಕ್ಕೆ



ಎಲೆಚುಕ್ಕಿಗೆ ಈ ವರ್ಷ ಏನೇನು ಹೊಡೆದೆ, ಎಷ್ಟು ಹತೋಟಿಗೆ ಬಂತು ಅಂತ ಈ ಸಲ ಬರೀತೀನಿ ಅಂದಿದ್ದೆ. ಅದು ಮುಂದಿನ ಸಲ. ಅದಕ್ಕಿಂತ ಮುಂಚೆ ಒಂದು ಬಾಕಿ ತೀರಿಸಬೇಕು. ಫೆಬ್ರವರಿಯಲ್ಲಿ ಮಗಳ ಮದುವೆ ಆಯ್ತು. ಡೇರಿ ಕಟ್ಟೆ ಹತ್ರ, ಸೊಸೈಟಿಲಿ, ಅಡಿಕೆ ಮಂಡಿಲಿ, ಹೋದಲ್ಲೆಲ್ಲ "ಮಗಳ ಮದುವೆ ಮುಗಿಸಿಬಿಟ್ಯಂತೆ ಮಾರಾಯ, ನಮಗೆ ಒಂದು ಕಾಗದನೂ ಇಲ್ವಾ" ಅಂತ ಕೇಳಿದವರು ಹದಿನೈದು ಜನಕ್ಕೆ ಕಮ್ಮಿ ಇಲ್ಲ. ಕೇಳದೇ ಮುಖ ತಿರುಗಿಸಿಕೊಂಡು ಹೋದವರೂ ಇದ್ದಾರೆ, ಅವರೇ ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳಿ ನನಗೇ ಸುಸ್ತಾಯ್ತು. ಹಾಗಾಗಿ ಎಲ್ಲ ಒಟ್ಟಿಗೆ ಬರೀತಿದ್ದೀನಿ. ಉದ್ದ ಆಗುತ್ತೆ, ಮಧ್ಯಾಹ್ನ ಊಟ ಆದ ಮೇಲೆ ಓದಿ.

ಶುರುವಾಗಿದ್ದು ಹೋದ ವರ್ಷ ಗೌರಿ ಹಬ್ಬಕ್ಕೆ. ಮಗಳು ಬೆಂಗಳೂರಿಂದ ಬಂದವಳು ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದಳು. ಅವಳ ಜೊತೆ ಕೆಲಸ ಮಾಡ್ತಿದ್ದ ಹುಡುಗಿ ಅಮೆರಿಕದಲ್ಲಿ ಮದುವೆ ಆಗಿದ್ದು. ಕ್ಯಾಲಿಫೋರ್ನಿಯಾದಲ್ಲಿ ಜೋಶುವಾ ಟ್ರೀ ಅಂತ ಒಂದು ಮರುಭೂಮಿ ಇದೆ, ನ್ಯಾಷನಲ್ ಪಾರ್ಕ್ ಅದು, 1994ರಲ್ಲಿ ಆಗಿದ್ದು. ಆ ಹೆಸರಿನ ಮರನೇ ಇದೆ. ನೋಡಿದ್ರೆ ನಮ್ಮ ಹಳ್ಳದ ಬದಿಯ ಕೇದಿಗೆ ಮಟ್ಟಿಯನ್ನ ಯಾರೋ ಕಂಬದ ತುದಿಗೆ ಕಟ್ಟಿದ ಹಾಗೆ. ಸುತ್ತ ಬರೀ ಬಂಡೆ, ಮರಳು. ಬೆಳಗಿನ ಜಾವದ ಬಿಸಿಲಲ್ಲಿ ಹುಡುಗ, ಹುಡುಗಿ, ಮತ್ತೆ ಏಳೆಂಟು ಜನ. ಅಷ್ಟೇ ಮದುವೆ.

"ಇದಕ್ಕೆ ಎಲೋಪ್‌ಮೆಂಟ್ ಅಂತಾರಪ್ಪ" ಅಂದಳು. ಹಾಗಂದ್ರೆ ಎಂತದು ಅಂದೆ. "ಓಡಿಹೋಗೋದು" ಅಂದಳು. ಅಪ್ಪ ಅಮ್ಮ ಪಕ್ಕದಲ್ಲೇ ನಿಂತು ಕಣ್ಣು ಒರೆಸಿಕೊಳ್ತಿದ್ದಾರೆ, ಇದು ಯಾವ ಸೀಮೆ ಓಡಿಹೋಗೋದು ಅಂತ ನಾನು ನಕ್ಕೆ. ಈಗ ಅಲ್ಲಿ ಆ ಮಾತಿನ ಅರ್ಥ ಬದಲಾಗಿದೆಯಂತೆ. ಊರಿಗೆಲ್ಲ ಊಟ ಹಾಕದೆ, ಹತ್ತಿರದವರನ್ನ ಮಾತ್ರ ಕರ್ಕೊಂಡು, ಇಷ್ಟವಾದ ಕಾಡಲ್ಲೋ ಬೆಟ್ಟದಲ್ಲೋ ಮದುವೆ ಆದ್ರೆ ಅದೇ ಎಲೋಪ್‌ಮೆಂಟ್. ಅದಕ್ಕೂ ತಿಂಗಳುಗಟ್ಟಲೆ ತಯಾರಿ. ಪಾರ್ಕಿನವರ ಹತ್ರ ಮೊದಲೇ ಅರ್ಜಿ ಹಾಕಿ ಪರ್ಮಿಟ್ ತಗೋಬೇಕು. ಎಷ್ಟು ಜನ ಅಂತ ಲೆಕ್ಕ ಕೊಡಬೇಕು. ಅಕ್ಷತೆ ಗಿಕ್ಷತೆ ಅಂತ ಏನೂ ಎರಚೋ ಹಾಗಿಲ್ಲ. ನೀರು ಹೊತ್ಕೊಂಡು ಹೋಗಬೇಕು, ನೆರಳಿಲ್ಲ, ಬಿಸಿಲು ಏರೋದ್ರೊಳಗೆ ಮುಗಿಸಬೇಕು. ಓಡಿಹೋಗೋಕೂ ಪರ್ಮಿಟ್ಟಾ ಅಂತ ನಮ್ಮ ಮನೆಯವಳು ಕೇಳಿದ್ದಳು.

ಆಮೇಲೆ ಮಗಳು ನಿಧಾನಕ್ಕೆ ವಿಷಯಕ್ಕೆ ಬಂದಳು. ಹುಡುಗ ಇದ್ದಾನೆ. ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ ಇದೆ, ಕೆಲಸನೂ ಇದೆ. ಇಬ್ಬರೂ ಇಂಥದೇ ಒಂದು ಮದುವೆ ಆಗಬೇಕು ಅಂತ ಮಾತಾಡಿಕೊಂಡಿದ್ದಾರೆ. ನಲವತ್ತು ಜನ ಮೀರಬಾರದು. ಕೊಡಚಾದ್ರಿ ಮೇಲೆ ಆದ್ರೆ ಬಹಳ ಒಳ್ಳೇದು.

ಹುಡುಗ ನಮ್ಮ ಜಾತಿ ಅಲ್ಲ. ಇದು ಈಗ ಎಲ್ಲರಿಗೂ ಗೊತ್ತಿರೋದೇ, ನಾನೇ ಬರೆದುಬಿಡ್ತೀನಿ. "ಅದನ್ನ ಮುಚ್ಚಿಡೋಕೆ ಸಣ್ಣ ಮದುವೆ ಮಾಡಿದ" ಅಂತ ಒಂದು ಮಾತು ಓಡಾಡ್ತಾ ಇದೆ. ಪೂರ್ತಿ ಸುಳ್ಳು ಅಂತ ಹೇಳಲ್ಲ. ಮಗಳು ನಲವತ್ತೇ ಜನ ಸಾಕು ಅಂದಾಗ ನನಗೆ ಮೊದಲು ಆದ ಸಮಾಧಾನ ದುಡ್ಡಿನದ್ದಲ್ಲ. ಸಾವಿರ ಜನರ ಎದುರು ನಿಂತು ಹುಡುಗನ ಮನೆತನ ಯಾವುದು ಅನ್ನೋದಕ್ಕೆ ಉತ್ತರ ಕೊಡೋದು ತಪ್ಪಿತಲ್ಲ ಅಂತ. ಆ ಸಮಾಧಾನ ಆಗಿದ್ದು ನೆನೆಸಿಕೊಂಡ್ರೆ ನನಗೇ ನಾಚಿಕೆ ಆಗುತ್ತೆ. ಅದಕ್ಕೇ ಈಗ ಎಲ್ಲರ ಎದುರು ಬರೀತಿರೋದು.

ದುಡ್ಡಿನ ಲೆಕ್ಕನೂ ಹೇಳ್ತೀನಿ, ನಿಮಗೆ ಅದು ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಕಡೆ ಈಗ ಮಧ್ಯಮದ ಮನೆ ಮದುವೆ ಅಂದ್ರೆ 1500 ಎಲೆ. ನಾನು ಛತ್ರ, ಅಡುಗೆ, ಸ್ಟೇಜು, ಫೋಟೋ ಎಲ್ಲ ವಿಚಾರಿಸಿದೆ. ಬಂಗಾರ ಬಿಟ್ಟು ಎಂಟು ಲಕ್ಷದ ಹತ್ರ ಬಂತು. ನನ್ನ ತೋಟ ಎರಡು ಎಕರೆ. ಮೊದಲು ವರ್ಷಕ್ಕೆ 18 ಕ್ವಿಂಟಾಲ್ ಆಗ್ತಿತ್ತು. ಎಲೆಚುಕ್ಕಿ ಬಂದ ಮೇಲೆ 11ಕ್ಕೆ ಇಳೀತು, ಈ ಸಲ ಸರಿಯಾಗಿ 9. ಗುಡ್ಡದ ಬದಿಯ ಮರಗಳು ಸೋಗೆ ಒಣಗಿ ಕಡ್ಡಿ ಆಗಿ ನಿಂತಿವೆ. ಸೊಸೈಟಿ ಸಾಲ ಮೊದಲೇ ಇದೆ. ಅದರ ಮೇಲೆ ತೋಟ ಇಟ್ಟು ಮತ್ತೆ ಎಂಟು ಲಕ್ಷ ತೆಗೆದು, ಮೂರು ಗಂಟೆ ಊಟ ಹಾಕೋದು. ನಮ್ಮಲ್ಲಿ ಎಷ್ಟು ಮನೆಯವರು ಹಾಗೆ ಮಾಡಿ ಇವತ್ತಿಗೂ ಬಡ್ಡಿ ಕಟ್ತಾ ಇದ್ದಾರೆ ಅಂತ ಹೆಸರು ಹೇಳದೇ ನಿಮಗೆ ಗೊತ್ತು. ಅಜ್ಜನ ಕಾಲದಲ್ಲಿ ಎಷ್ಟೋ ಜಾತಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರ್ತಿದ್ರು. ಅದು ಯಾವಾಗ ತಿರುಗಿ ಹೆಣ್ಣಿನ ಅಪ್ಪನ ಕೊರಳಿಗೆ ಬಂತೋ.

ಆದ್ರೂ ನಾನು ಒಂದು ವಾರ ಹೂಂ ಅನ್ನಲಿಲ್ಲ. ಕಾರಣ ಬೇರೆ ಇತ್ತು. ಅದನ್ನ ಇಲ್ಲಿ ಬರೀಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ. ಅಕ್ಕನ್ನ ಕೇಳಿದೆ. "ಬರಿ, ನನಗೇನು" ಅಂದಳು.

1989ನೇ ಇಸವಿ, ಬೇಸಿಗೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದು ಎರಡು ವರ್ಷ ಆಗಿತ್ತು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳು ಒಬ್ಬರ ಜೊತೆ ಹೋಗೋದು ಅಂತ ತೀರ್ಮಾನ ಮಾಡಿದ್ದಳು. ಅವಳ ತಯಾರಿ ಇಷ್ಟೇ: ಎರಡು ಸೀರೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಕೊಟ್ಟಿಗೆ ಅಟ್ಟದಲ್ಲಿ ಹುಲ್ಲಿನ ಅಡಿಗೆ ಇಟ್ಟ ಒಂದು ಚೀಲ. ಬೆಳಿಗ್ಗೆ ಆರು ಗಂಟೆ ಬಸ್ಸು. ನನ್ನ ಹತ್ರ ಒಂದೇ ಒಂದು ಸಹಾಯ ಕೇಳಿದ್ದಳು. ಆ ದಿನ ಬೆಳಿಗ್ಗೆ ನೀನು ಹಾಲು ಕರಿ, ಇಲ್ಲದಿದ್ರೆ ಹಸು ಕೂಗಿ ಎಲ್ಲರನ್ನೂ ಎಬ್ಬಿಸುತ್ತೆ ಅಂತ.

ಹೂಂ ಅಂದೆ. ರಾತ್ರಿ ಮಲಗಿದವನಿಗೆ ನಿದ್ದೆ ಬರಲಿಲ್ಲ. ಎದ್ದು ಹೋಗಿ ಅಪ್ಪಯ್ಯಂಗೆ ಹೇಳಿದೆ.

ಅಪ್ಪಯ್ಯ ಕೂಗಾಡಲಿಲ್ಲ, ಹೊಡೀಲಿಲ್ಲ. ನಾಲ್ಕು ಗಂಟೆಯಿಂದ ಜಗಲಿ ಮೇಲೆ ದೀಪ ಹಚ್ಚದೆ ಕೂತರು. ಅಕ್ಕ ಕೊಟ್ಟಿಗೆಯಿಂದ ಚೀಲ ಹಿಡ್ಕೊಂಡು ಬಂದವಳು ಅವರನ್ನ ನೋಡಿದಳು. ಒಂದು ಮಾತಿಲ್ಲ. ತಿರುಗಿ ಒಳಗೆ ಹೋಗಿ ಚೀಲ ಇಟ್ಟು, ಚೊಂಬು ತಗೊಂಡು ಬಂದು ಹಾಲು ಕರಿಯೋಕೆ ಕೂತಳು. ಎರಡು ತಿಂಗಳಲ್ಲಿ ಭದ್ರಾವತಿ ಕಡೆ ಮದುವೆ ಮಾಡಿದ್ರು. ದೊಡ್ಡ ಚಪ್ಪರ, ನಿಮ್ಮಲ್ಲಿ ಹಲವರ ಮನೆಯವರು ಬಂದು ಊಟ ಮಾಡಿದ್ದೀರಿ. ಆ ವರ್ಷ ಅಪ್ಪಯ್ಯ ನನಗೆ ಸೈಕಲ್ ತೆಗೆಸಿಕೊಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಕ್ಕನ ಗಂಡ ಕೆಟ್ಟವರಲ್ಲ. ಆ ಮಾತು ಬೇರೆ. ಮೂವತ್ತೈದು ವರ್ಷದಲ್ಲಿ ಅಕ್ಕನೂ ಒಮ್ಮೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳು "ಓಡಿಹೋಗೋದು" ಅಂತ ನಗ್ತಾ ಅಂದಾಗ ನನಗೆ ಆ ಹಸು ನೆನಪಾಯ್ತು. ಅದಕ್ಕೇ ಒಂದು ವಾರ ಬೇಕಾಯ್ತು.

ಆಮೇಲೆ ಜಾಗದ ಹುಡುಕಾಟ.

ಕೊಡಚಾದ್ರಿ ನಮ್ಮ ಹೊಸನಗರ ತಾಲೂಕಿನದ್ದೇ, 1343 ಮೀಟರ್ ಎತ್ತರ. ಆದ್ರೆ ಅದು ಮೂಕಾಂಬಿಕಾ ಅಭಯಾರಣ್ಯದ ಒಳಗೆ ಬರುತ್ತೆ. 1972ರ ವನ್ಯಜೀವಿ ಕಾಯ್ದೆ ಲೆಕ್ಕದಲ್ಲಿ ಅಲ್ಲಿಗೆ ಹೋಗೋದೇ ಅರಣ್ಯ ಇಲಾಖೆ ಅನುಮತಿ ಮೇಲೆ, ಇನ್ನು ನಲವತ್ತು ಜನ ಕಟ್ಕೊಂಡು ಮದುವೆ ಮಾಡೋದು ದೂರದ ಮಾತು. ಜೀಪಿನ ದಾರಿ ನೋಡಿದವರಿಗೆ ಗೊತ್ತು, ನಮ್ಮ ಅಮ್ಮನ್ನ, ಎಂಬತ್ತೆರಡು ವರ್ಷದವಳನ್ನ, ಅದರಲ್ಲಿ ಹತ್ತಿಸಿದ್ರೆ ಮದುವೆ ಬದಲು ಇನ್ನೊಂದು ಕಾರ್ಯ ಮಾಡಬೇಕಾಗುತ್ತೆ. ಮಗಳಿಗೆ ಬೇಜಾರಾಯ್ತು. ಅಮೆರಿಕದಲ್ಲೂ ಅಷ್ಟೇ ಅಲ್ವಾ, ಅಲ್ಲೂ ಕೇಳಿಯೇ ಹೋಗಿದ್ದು, ನೂರು ಮದುವೆ ನಡೆದ್ರೆ ಬೆಟ್ಟ ಬೆಟ್ಟ ಆಗಿ ಉಳಿಯಲ್ಲ ಅಂದೆ. ಒಪ್ಪಿದಳು.

ಕುಪ್ಪಳಿಗೆ ಹೋಗೋಣ ಅಂದವನು ಹುಡುಗ. ನಾನು ಅವನ ಜೊತೆ ಮೊದಲ ಸಲ ಸರಿಯಾಗಿ ಮಾತಾಡಿದ್ದು ಕವಿಶೈಲದ ಮೇಲೆ. ಹೋಗದೇ ಇದ್ದವರು ನಮ್ಮಲ್ಲಿ ಕಮ್ಮಿ. ಆ ದೊಡ್ಡ ದೊಡ್ಡ ಕಲ್ಲುಕಂಬ ನಿಲ್ಲಿಸಿದ್ದು ಕಲಾವಿದ ಕೆ.ಟಿ. ಶಿವಪ್ರಸಾದ್. ಮಧ್ಯೆ ಕುವೆಂಪು ಸಮಾಧಿ. ಬಂಡೆ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರು ಕೊರೆದಿರೋದನ್ನ ಹುಡುಗ ಬೆರಳಿಟ್ಟು ತೋರಿಸಿದ. ಕೆಳಗೆ ನೋಡಿದ್ರೆ ಕಾಡೇ ಕಾಡು. ಒಂದು ಗಂಟೆ ಕೂತಿದ್ವಿ. ಅವನು ಜಾಸ್ತಿ ಮಾತಾಡಲ್ಲ, ಅದು ನನಗೆ ಹಿಡಿಸ್ತು. ತೋಟದ ಬಗ್ಗೆ ಕೇಳಿದೆ. ಬಸಿಗಾಲುವೆ ಎಷ್ಟು ಆಳ ತೆಗೆದಿದ್ದೀವಿ ಅಂತ ಸರಿಯಾಗಿ ಹೇಳಿದ. ಗೊತ್ತಿಲ್ಲದೇ ಇದ್ದಿದ್ರೆ "ಅಪ್ಪ ನೋಡ್ಕೋತಾರೆ" ಅಂತಿದ್ದ.

ಮಂತ್ರಮಾಂಗಲ್ಯದ ವಿಷಯ ಅಲ್ಲೇ ಬಂತು. ಈಗಿನ ಹುಡುಗರಿಗೆ ಇದು ಯಾವುದೋ ಹೊಸ ಫ್ಯಾಷನ್ ಅನ್ನಿಸುತ್ತೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ, ರಾಜೇಶ್ವರಿಯವರ ಮದುವೆ ಹೀಗೇ ಆಗಿದ್ದು. ಛತ್ರದಲ್ಲಲ್ಲ, ಮೂಡಿಗೆರೆ ಹತ್ರ ಅವರ ತೋಟ ಚಿತ್ರಕೂಟದಲ್ಲಿ. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತ ಇಲ್ಲ. ಕುವೆಂಪು ವೇದ, ಉಪನಿಷತ್ತುಗಳಿಂದ ಆರಿಸಿ, ಕನ್ನಡದಲ್ಲಿ ಪ್ರತಿಜ್ಞೆ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡಿದ್ರು. ಒಬ್ಬರು ಓದ್ತಾರೆ, ಗಂಡು ಹೆಣ್ಣು ಹೇಳ್ತಾರೆ. ಹಾರ ಹಾಕ್ತಾರೆ, ಆಯ್ತು. ಅರ್ಧ ಗಂಟೆ ಕೆಲಸ. ನಾನು ಹುಡುಗ ಇದ್ದಾಗ ರೈತ ಸಂಘದವರು ಇದನ್ನೇ ಊರೂರಿಗೆ ತಂದಿದ್ರು. ಎಂ.ಡಿ. ನಂಜುಂಡಸ್ವಾಮಿ, ನಮ್ಮ ಜಿಲ್ಲೆಯ ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಇವರ ಕಾಲ. ಸಾಲ ಮಾಡಿ ಮದುವೆ ಮಾಡಬೇಡಿ ಅಂತ ಹಸಿರು ಶಾಲು ಹಾಕಿಕೊಂಡು ಹೇಳ್ತಿದ್ರು. ಆಗ ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನ ಮನೆಗೆ ಬಂದು ಹಾಗೇ ಮಾಡಿದ್ವಿ? ಆ ಶಾಲು ನಮ್ಮ ಮನೆ ಪೆಟ್ಟಿಗೆಲಿ ಇನ್ನೂ ಇದೆ.

ಇನ್ನೊಂದು ಮಾತು. ನಮ್ಮ ಮಲೆನಾಡಿನವರಿಗೆ ಕಾಡಲ್ಲಿ ಓಡಿಹೋಗಿ ಮದುವೆ ಆಗೋದು ಅಮೆರಿಕದಿಂದ ಬರಬೇಕಾಗಿಲ್ಲ. 1967ರಲ್ಲಿ ಬಂದ ಮಲೆಗಳಲ್ಲಿ ಮದುಮಗಳು ಓದಿ. ದಪ್ಪ ಪುಸ್ತಕ, ನಾನು ಎರಡು ಮಳೆಗಾಲ ತಗೊಂಡೆ. ನಾಯಿಗುತ್ತಿ ತಿಮ್ಮಿಯನ್ನ ಹಾರಿಸಿಕೊಂಡು ಹೋಗೋದು, ಚಿನ್ನಮ್ಮ ತನಗೆ ಬೇಡದ ಮದುವೆ ತಪ್ಪಿಸಿಕೊಂಡು ರಾತ್ರೋರಾತ್ರಿ ಮುಕುಂದಯ್ಯನ ಕಡೆ ಕಾಡು ಸೇರೋದು. ಯಾವ ಕಾಲುದಾರಿ, ಯಾರಿಗೆ ಹೇಳೋದು, ಯಾರಿಗೆ ಹೇಳಬಾರದು, ಎಲ್ಲಿ ಅಡಗೋದು, ಎಲ್ಲ ಲೆಕ್ಕಾಚಾರ ಇದೆ ಅದರಲ್ಲಿ. ಮಳೆ, ಇಂಬಳ, ಕತ್ತಲೆ. ಕೊನೆಗೆ ತುಂಗೆ ದಾಟುವಾಗ ಗುತ್ತಿಯ ನಾಯಿ ಹುಲಿಯ ನೆರೆಯಲ್ಲಿ ಕೊಚ್ಚಿಹೋಗುತ್ತೆ. ಆ ಪುಟ ನನಗೆ ಎರಡನೇ ಸಲ ಓದೋಕೆ ಆಗಲಿಲ್ಲ. ಅವರಿಗೆ ಸಹಾಯ ಮಾಡಿದ ಜನ ಇದ್ರು, ಬಾಯಿ ಬಿಡದ ಜನ. ನಾನು ಅಂಥವನಾಗಲಿಲ್ಲ.

ಕುಪ್ಪಳಿಯಲ್ಲೇ ಮಾಡಬಹುದಿತ್ತು, ತುಂಬ ಜನ ಮಾಡ್ತಾರೆ. ಆದ್ರೆ ವಾಪಸ್ ಬರುವಾಗ ಕಾರಲ್ಲಿ ಮಗಳೇ ಹೇಳಿದಳು: ತೇಜಸ್ವಿ ಅವರ ತೋಟದಲ್ಲಿ ಆಗಿದ್ದಾದ್ರೆ ನಾವ್ಯಾಕೆ ನಮ್ಮ ಬ್ಯಾಣದ ಹಾಸುಬಂಡೆ ಮೇಲೆ ಆಗಬಾರದು? ನಮ್ಮ ಮನೆ ಹಿಂದೆ, ತೋಟ ದಾಟಿ ಮೇಲೆ ಹತ್ತಿದ್ರೆ ಸಿಗುತ್ತಲ್ಲ, ಚಿಕ್ಕವಳಿದ್ದಾಗ ಅವಳು ದನ ಕಾಯ್ತಾ ಪುಸ್ತಕ ಓದ್ತಿದ್ದ ಬಂಡೆ. ಅಲ್ಲಿಂದ ಮೋಡ ಇಲ್ಲದ ದಿನ ಕೊಡಚಾದ್ರಿ ತುದಿ ಕಾಣುತ್ತೆ. ಹೀಗೆ ಮರುಭೂಮಿಯಿಂದ ಹೊರಟ ಮದುವೆ ನಮ್ಮ ದನದ ಬ್ಯಾಣಕ್ಕೆ ಬಂದು ನಿಂತಿತು.

ಈಗ ಕಾಯ್ದೆ ವಿಷಯ, ಇದು ಕೆಲವರಿಗೆ ಉಪಯೋಗ ಆಗಬಹುದು. ಹಿಂದೂ ವಿವಾಹ ಕಾಯ್ದೆ 1955ರದ್ದು. ಅದರಲ್ಲಿ ಶಾಸ್ತ್ರ ನಡೆದಿರಬೇಕು. ಶಾಸ್ತ್ರ ಇಲ್ಲದೆ ಬರೀ ಸರ್ಟಿಫಿಕೇಟ್ ಮಾಡಿಸಿದ್ರೆ ಆ ಕಾಯ್ದೆಯಲ್ಲಿ ಅದು ಮದುವೆ ಆಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಶಾಸ್ತ್ರ ಬೇಡ ಅನ್ನೋರಿಗೆ ಗಟ್ಟಿ ದಾರಿ ಅಂದ್ರೆ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಇದ್ದಿರಬೇಕು. ಮದುವೆ ಅಧಿಕಾರಿಗೆ ನೋಟಿಸ್ ಕೊಡಬೇಕು. ಆ ನೋಟಿಸು ಕಚೇರಿಯಲ್ಲಿ 30 ದಿನ ಎಲ್ಲರಿಗೂ ಕಾಣೋ ಹಾಗೆ ಅಂಟಿಸಿರ್ತಾರೆ. ತಕರಾರು ಬರದಿದ್ರೆ, ನೋಟಿಸ್ ಕೊಟ್ಟ ಮೂರು ತಿಂಗಳ ಒಳಗೆ, ಮೂರು ಸಾಕ್ಷಿ ಎದುರು ಮದುವೆ. ಒಬ್ಬರಿಗೊಬ್ಬರು ನಿನ್ನನ್ನ ಒಪ್ಪಿಕೊಂಡೆ ಅಂತ ಬಾಯಿಬಿಟ್ಟು ಹೇಳಬೇಕು, ಅದು ಅವರಿಗೆ ಅರ್ಥ ಆಗೋ ಯಾವ ಭಾಷೆಲಾದ್ರೂ ಆಗಬಹುದು. ನಿಜವಾಗಿ ಓಡಿಹೋಗೋರಿಗೆ ಈ ಕಾಯ್ದೆ ಕಷ್ಟ. ಮೂವತ್ತು ದಿನ ಗೋಡೆ ಮೇಲೆ ಹೆಸರು ಇದ್ರೆ ಯಾರ ಅಪ್ಪಯ್ಯನಾದ್ರೂ ಬಂದು ಜಗಲಿ ಮೇಲೆ ಕೂತಿರ್ತಾನೆ. 1989ರಲ್ಲಿ ಅಕ್ಕ ಈ ದಾರಿ ಹಿಡಿದಿದ್ರೂ ಅಷ್ಟೇ ಆಗ್ತಿತ್ತು.

ತೋಟದ ಪಾಲು ಹೋಗುತ್ತಾ ಅಂತ ಒಬ್ಬರು ಗುಟ್ಟಾಗಿ ಕೇಳಿದ್ರು. ಇಬ್ಬರೂ ಹಿಂದೂಗಳಾದ್ರೆ ಈ ಕಾಯ್ದೆಯಲ್ಲಿ ಮದುವೆ ಆದ್ರೂ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ನಡಿಯೋದು. ಹೆಣ್ಣುಮಕ್ಕಳ ಸಮಪಾಲು 2005ರಿಂದ ಇದ್ದೇ ಇದೆ, ಜಾತಿ ಒಳಗೆ ಮದುವೆ ಆದ್ರೂ, ಹೊರಗೆ ಆದ್ರೂ.

ದಿನ ಯಾವುದು ಅನ್ನೋದಕ್ಕೆ ಅಮ್ಮನ ಜೊತೆ ಸ್ವಲ್ಪ ಜಟಾಪಟಿ ಆಯ್ತು. ನಾನು ಪಂಚಾಂಗ ನೋಡಲಿಲ್ಲ, ತೋಟ ನೋಡಿದೆ. ಕೊನೆಕೊಯ್ಲು ಮುಗಿದಿರಬೇಕು, ಅಡಿಕೆ ಒಣಗಿ ಒಳಗೆ ಸೇರಿರಬೇಕು, ಮಳೆ ಇರಬಾರದು. ಫೆಬ್ರವರಿ ಬಿಟ್ರೆ ಬೇರೆ ಇಲ್ಲ. ಆದ್ರೆ ಫೆಬ್ರವರಿ ಅಂದ್ರೆ ನಮ್ಮ ಕಡೆ ಇನ್ನೊಂದು ಇದೆಯಲ್ಲ, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಪತ್ತೆ ಆಗಿದ್ದು ಇವತ್ತಿಗೂ ಬಿಟ್ಟಿಲ್ಲ. 2019ರಲ್ಲಿ ನಮ್ಮ ಸಾಗರ ತಾಲೂಕಿನ ಅರಲಗೋಡು ಕಡೆ ಏನಾಯ್ತು ಅಂತ ಯಾರೂ ಮರೆತಿಲ್ಲ. ಒಣಗಿದ ತರಗಲೆಯಲ್ಲೇ ಉಣುಗು ಇರೋದು. ಬೆಂಗಳೂರಿಂದ ಬರೋ ಹುಡುಗರನ್ನ ಹಾಗೇ ಬ್ಯಾಣಕ್ಕೆ ಹತ್ತಿಸೋಕೆ ಆಗುತ್ತಾ? ಎಂಟು ದಿನ ಮುಂಚೆ ಕಾಲುದಾರಿ ಎರಡೂ ಬದಿ ತರಗು ಗುಡಿಸಿದ್ವಿ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿದೆ. ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ತಂದು ಜಗಲಿ ಮೇಲೆ ಇಟ್ಟೆ. ಬೇರೆ ಮದುವೆಲಿ ಬಂದವರಿಗೆ ಪನ್ನೀರು ಚಿಮುಕಿಸ್ತಾರೆ, ನಮ್ಮಲ್ಲಿ ಎಲ್ಲರೂ ಕೈಕಾಲಿಗೆ ಡೆಪಾ ಹಚ್ಚಿಕೊಂಡು ಹೊರಟ್ರು. ಬೀಗರ ಕಡೆ ಒಬ್ಬ ಹಿರಿಯರು "ಇಂಥ ಸ್ವಾಗತ ಎಲ್ಲೂ ಸಿಕ್ಕಿರಲಿಲ್ಲ" ಅಂದ್ರು.

ಹಿಂದಿನ ದಿನ ಕಚೇರಿಯಲ್ಲಿ ರಿಜಿಸ್ಟ್ರಿ. ಕಾಯ್ದೆ ಪ್ರಕಾರ ಮದುವೆ ಆಗಿದ್ದು ಅಲ್ಲೇ. ಮೂರು ಸಾಕ್ಷಿಗಳಲ್ಲಿ ಒಂದು ಹುಡುಗನ ಚಿಕ್ಕಪ್ಪ, ಇನ್ನೊಂದು ಮಗಳ ಗೆಳತಿ. ಮೂರನೇದಕ್ಕೆ ಅಕ್ಕನ್ನ ಕರೆದಿದ್ದೆ. ಯಾಕೆ ನಾನೇ ಅಂತ ಫೋನಲ್ಲಿ ಕೇಳಿದಳು. ನೀನೇ ಬರಬೇಕು ಅಂದೆ, ಅಷ್ಟೇ. ಕಚೇರಿಯಲ್ಲಿ ಪೆನ್ನು ಹಿಡ್ಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಎಲ್ಲಿ ಸೈನ್ ಮಾಡಬೇಕು ಅಂತ ಗೊತ್ತಾಗಲಿಲ್ಲವೇನೋ ಅಂದುಕೊಂಡು ಗುಮಾಸ್ತರು ಬೆರಳಿಟ್ಟು ತೋರಿಸಿದ್ರು. ಪೂರ್ತಿ ಹೆಸರು ಬರೆದಳು, ಅಪ್ಪಯ್ಯನ ಹೆಸರಿನ ಇನಿಷಿಯಲ್ ಸೇರಿಸಿ.

ಮರುದಿನ ಬೆಳಿಗ್ಗೆ ಏಳೂವರೆ. ಇಬ್ಬನಿ ಇನ್ನೂ ತೋಟದಿಂದ ಎದ್ದಿರಲಿಲ್ಲ. 38 ಜನ. ಶಾಮಿಯಾನ ಇಲ್ಲ, ಮೈಕ್ ಇಲ್ಲ. ಅಮ್ಮನ್ನ ಪ್ಲಾಸ್ಟಿಕ್ ಕುರ್ಚಿ ಸಮೇತ ಇಬ್ಬರು ಹುಡುಗರು ಎತ್ತಿಕೊಂಡು ಹತ್ತಿದ್ರು. ಹಾರ ಅಡಿಕೆ ಹಿಂಗಾರದ್ದು. ಒಳ್ಳೇ ಹಿಂಗಾರ ಕಿತ್ತು ಹಾಳು ಮಾಡಿದ ಅನ್ನಬೇಡಿ, ಎಲೆಚುಕ್ಕಿ ಬಂದು ಹೇಗೂ ಕಾಯಿ ನಿಲ್ಲದ ಮರದ್ದು. ನಮ್ಮೂರ ನಿವೃತ್ತ ಮೇಷ್ಟ್ರು ಮಂತ್ರಮಾಂಗಲ್ಯ ಓದಿದ್ರು. ಅವರ ಕನ್ನಡಕದ ಮೇಲೆ ಇಬ್ಬನಿ ಕೂತು ಎರಡು ಸಲ ನಿಲ್ಲಿಸಿ ಒರೆಸಿಕೊಂಡ್ರು. ಮಧ್ಯೆ ನಮ್ಮ ಕರು ಅಲ್ಲಿಗೂ ಬಂತು. ಯಾರೂ ಓಡಿಸಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಮುಗೀತು. ಕೊಡಚಾದ್ರಿ ಕಾಣಲಿಲ್ಲ, ಮಂಜು. ಕೆಳಗೆ ಅಂಗಳದಲ್ಲಿ ಕಡುಬು, ಚಟ್ನಿ, ಪಾಯಸ, ಮಿಡಿ ಉಪ್ಪಿನಕಾಯಿ. ಒಟ್ಟು ಖರ್ಚು 46 ಸಾವಿರ. ಅದರಲ್ಲಿ 18 ಸಾವಿರ ಮನೆ ಸುಣ್ಣಬಣ್ಣಕ್ಕೆ, ಅದು ಹೇಗೂ ಮಾಡಬೇಕಿತ್ತು.

ಇಷ್ಟೆಲ್ಲ ಸರಿ. ಆದ್ರೆ ನಿಮ್ಮ ದೂರೂ ಸರಿಯೇ ಇದೆ.

ಈ ವಿಷಯದಲ್ಲಿ ಅಮ್ಮ ಹೇಳಿದ ಮಾತಿಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ. "ಊರವರನ್ನ ಕರೀದೆ ಮದುವೆ ಮಾಡ್ತೀಯ, ನಾಳೆ ನನ್ನನ್ನ ಹೊರೋಕೆ ಯಾರನ್ನ ಕರೀತೀಯ? ಅಮೆರಿಕದವರನ್ನಾ?" ಅಂದಳು. ಆ ಮರುಭೂಮಿಯಲ್ಲಿ ಮದುವೆ ಆದವರಿಗೆ ಈ ಪ್ರಶ್ನೆ ಇಲ್ಲ. ಅವರು ಮದುವೆ ಮುಗಿಸಿ ಕಾರು ಹತ್ತಿ ಬೇರೆ ಊರಿಗೆ ಹೋದ್ರು. ನಾನು ಇಲ್ಲೇ ಇರೋನು. ನನ್ನ ಮದುವೆಗೆ ಚಪ್ಪರದ ಕಂಬ ಕಡಿದು ತಂದವರು ನೀವು, ಇಲ್ಲ ನಿಮ್ಮ ಅಪ್ಪಂದಿರು. ಅಪ್ಪಯ್ಯ ಹೋದಾಗ ಸುರಿಯೋ ಮಳೆಲಿ ಸೌದೆ ಹೊತ್ತವರು ನೀವು. ದೊಡ್ಡ ಮದುವೆ ದುಂದು ಅನ್ನೋದು ಸುಲಭ. ಆದ್ರೆ ವರ್ಷಕ್ಕೊಂದು ಸಲ ಎಲ್ಲ ಮನೆಯವರೂ ಒಂದು ಪಂಕ್ತಿಯಲ್ಲಿ ಕೂರೋದು ಅಲ್ಲೇ, ಮುನಿಸಿಕೊಂಡ ಅಣ್ಣತಮ್ಮಂದಿರು ಮಾತಾಡೋದೂ ಅಲ್ಲೇ. ಛತ್ರ, ಕೇಟರಿಂಗು ಬಂದ ಮೇಲೆ ಆ ಕೆಲಸನೂ ಅರ್ಧ ಹೋಗಿದೆ, ಉಂಡು ಕವರ್ ಕೊಟ್ಟು ಬೈಕ್ ಹತ್ತೋದು. ಹಾಗಂತ ನಾನು ಅದನ್ನ ಸರಿ ಮಾಡಿದೆ ಅಂತ ಅಲ್ಲ. ಪೂರ್ತಿನೇ ಬಿಟ್ಟುಬಿಟ್ಟೆ.

ಮುಯ್ಯಿ ಪುಸ್ತಕ ತೆಗೆದು ನೋಡಿದೆ. ನಿಮ್ಮ ಮನೆಗಳಿಗೆಲ್ಲ ನಾನು ಮಾಡಿದ್ದು ಬರೆದಿದೆ, 101ರಿಂದ ಹಿಡಿದು 1001ರ ತನಕ. ನಿಮಗೆ ನನ್ನ ಮುಯ್ಯಿ ತೀರಿಸೋಕೆ ಅವಕಾಶ ಕೊಡಲಿಲ್ಲ ಅನ್ನೋದೂ ಒಂದು ಬೇಜಾರು ಅಂತ ಒಬ್ಬರು ಹೇಳಿದ್ರು. ಅದಕ್ಕೆ ಒಂದು ದಾರಿ ಹೇಳ್ತೀನಿ. ಮಳೆಗಾಲ ಶುರುವಾಗೋ ಮುಂಚೆ ನನ್ನ ತೋಟದ ಗುಡ್ಡದ ಬದಿಯ ಬಸಿಗಾಲುವೆ ಎಲ್ಲ ತೆಗೀಬೇಕು, ಆಳು ಸಿಗ್ತಾ ಇಲ್ಲ. ಒಂದು ದಿನ ಯಾರಿಗೆ ಆಗುತ್ತೋ ಬನ್ನಿ. ಗುದ್ದಲಿ ತನ್ನಿ. ಮಧ್ಯಾಹ್ನ ಊಟ ನಮ್ಮ ಮನೇಲಿ, ಎಷ್ಟು ಜನ ಬಂದ್ರೂ ಎಲೆ ಹಾಕ್ತೀವಿ. ಮಗಳು ಅಳಿಯ ಆ ದಿನ ಬರ್ತಾರೆ. ಅಳಿಯನ್ನ ನೋಡಿದ ಹಾಗೂ ಆಗುತ್ತೆ, ಕಾಲುವೆ ತೆಗೆಯೋದು ಅವನಿಗೆ ಬರುತ್ತಾ ಇಲ್ವಾ ಅಂತ ನೀವೇ ಹೇಳಿ. ದಿನ ಇನ್ನೂ ಗೊತ್ತು ಮಾಡಿಲ್ಲ, ಏಪ್ರಿಲ್ ಕೊನೆ ವಾರ ಅಂದುಕೊಂಡಿದ್ದೀನಿ.

ಮದುವೆ ದಿನ ಮಧ್ಯಾಹ್ನ ಅಕ್ಕ ಹೊರಟಳು. ಕಾರಲ್ಲಿ ಭದ್ರಾವತಿ ತನಕ ಬಿಟ್ಟು ಬರ್ತೀನಿ ಅಂದೆ. ಬೇಡ, ಬಸ್ಸಿಗೆ ಬಿಡು ಸಾಕು ಅಂದಳು. ರಸ್ತೆ ತನಕ ಚೀಲ ನಾನೇ ಹಿಡ್ಕೊಂಡೆ. ಚೀಲದಲ್ಲಿ ಎರಡು ಸೇರು ಅಕ್ಕಿ, ಮಿಡಿ ಉಪ್ಪಿನಕಾಯಿ, ಮಗಳು ಕೊಟ್ಟ ಸೀರೆ. ಬಸ್ ಬರೋಕೆ ಇಪ್ಪತ್ತು ನಿಮಿಷ ಇತ್ತು. ಮೋರಿ ಕಟ್ಟೆ ಮೇಲೆ ಕೂತ್ವಿ. ನಾನು ಆ ದಿನದ್ದು ಹೇಳೋಕೆ ಶುರು ಮಾಡಿದೆ, ಗಂಟಲು ಕಟ್ಟಿತು. ಅವಳು ರಸ್ತೆ ಕಡೆ ನೋಡ್ತಾ, "ನೀನು ಹೇಳಿದ್ದು ಅಂತ ನನಗೆ ಆವತ್ತೇ ಗೊತ್ತಾಗಿತ್ತು. ಹಾಲು ಕರಿಯೋಕೆ ನೀನು ಎದ್ದು ಬಂದಿರಲಿಲ್ಲವಲ್ಲ" ಅಂದಳು.

ಬಸ್ ಬಂತು. ಕಿಟಕಿ ಪಕ್ಕ ಸೀಟು ಸಿಕ್ತು ಅವಳಿಗೆ.

ಎಲೆಚುಕ್ಕಿ ವಿಷಯ ಮುಂದಿನ ವಾರ ಖಂಡಿತ ಬರೀತೀನಿ. ಕಾಲುವೆಗೆ ಬರೋರು ಎರಡು ದಿನ ಮುಂಚೆ ಫೋನ್ ಮಾಡಿ, ಅಕ್ಕಿ ಎಷ್ಟು ನೆನೆಹಾಕಬೇಕು ಅಂತ ಮನೆಯವಳು ಈಗಲೇ ಕೇಳ್ತಿದ್ದಾಳೆ.